ಭಾವ ನೋಡಿ ‘ಸರಿ’ ಅಂದಿದ್ದು

ಆ ಆಫೀಸಿನಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ಯಜಮಾನಿಯೂ ಅಷ್ಟೇ, ಕಾಫಿ ಮಷೀನು ರಿಪೇರಿಗೆ ಬರುವವನೂ ಅಷ್ಟೇ. ಹಾಗಂತ ಅಪ್ಪ ಅಮ್ಮ ಅವನಿಗೊಂದು ಹೆಸರಿಟ್ಟಿರಲಿಲ್ಲ ಅಂದುಕೊಳ್ಳಬೇಡಿ. ಒಳ್ಳೆಯ ಹೆಸರೇ ಇತ್ತು, ಸಂಬಳದ ಚೀಟಿಯಲ್ಲಿ ಈಗಲೂ ಇದೆ. ಆದರೆ ಹೆಂಡತಿಯ ತಮ್ಮ ಅದೇ ಆಫೀಸಿಗೆ ಕೆಲಸಕ್ಕೆ ಸೇರಿದ ಮೊದಲ ದಿನ ಬಾಗಿಲಲ್ಲೇ ನಿಂತು, “ಭಾವಾ, ನಾನೆಲ್ಲಿ ಕೂತ್ಕೊಳ್ಲಿ?” ಎಂದು ಇಡೀ ಕೋಣೆಗೆ ಕೇಳಿಸುವಂತೆ ಕೂಗಿಬಿಟ್ಟ. ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ದುಡಿದು ಉಳಿಸಿಕೊಂಡಿದ್ದ ಹೆಸರು ಒಂದೇ ಕೂಗಿಗೆ ಹಾರಿಹೋಯಿತು.

ಆ ತಮ್ಮನೋ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು. ಅಕ್ಕ ಮಾತ್ರ ಅವನನ್ನು ಈಗಲೂ ಪಾಪು ಎನ್ನುತ್ತಾಳೆ. ತೊಟ್ಟಿಲಲ್ಲಿದ್ದಾಗ ಅಂಟಿದ್ದು ಗಡ್ಡ ಬಂದ ಮೇಲೂ ಬಿಟ್ಟಿಲ್ಲ. ಆಫೀಸಿನವರೂ ಅದನ್ನೇ ಹಿಡಿದುಕೊಂಡರು. ಆದರೆ ಅನ್ಯಾಯ ನೋಡಿ: ‘ಪಾಪು’ ಎಂದಾಗ ಅವರ ದನಿಯಲ್ಲಿ ಮುದ್ದು, ‘ಭಾವ’ ಎಂದಾಗ ತಮಾಷೆ. ಇಷ್ಟಕ್ಕೂ ಆ ಹುಡುಗನನ್ನು ಕರೆತಂದು, ಯಜಮಾನಿಯ ಮುಂದೆ ನಿಲ್ಲಿಸಿ, “ಇವ್ನು ನನ್ನ ಜವಾಬ್ದಾರಿ ಮೇಡಂ” ಎಂದವನು ಇದೇ ಭಾವ. ತಾನೇ ತೋಡಿದ ಹಳ್ಳ, ಯಾರನ್ನು ಬಯ್ಯುವುದು?

ಪಾಪು ಇದ್ದದ್ದೂ ಅವರ ಮನೆಯಲ್ಲೇ. ಬೆಳಗ್ಗೆ ಮೊಟ್ಟೆ ಬೇಯಿಸಿದರೆ ಅವನ ತಟ್ಟೆಗೆ ಎರಡು, ಭಾವನ ತಟ್ಟೆಗೆ ಒಂದು.

“ಬೆಳೆಯೋ ಹುಡುಗ ಕಣ್ರೀ,” ಎನ್ನುತ್ತಿದ್ದಳು ಹೆಂಡತಿ.

“ಇನ್ನೂ ಬೆಳೆದ್ರೆ ಸೂರು ಕಿತ್ತು ಕಟ್ಟಿಸ್ಬೇಕಾಗುತ್ತೆ ಕಣೆ.”

“ಅಯ್ಯೋ, ನನ್ನ ತಮ್ಮನ ಮೇಲೆ ಕಣ್ಣು ಹಾಕ್ಬೇಡಿ. ಬೇಕಾದ್ರೆ ನನ್ನ ಮೊಟ್ಟೆ ತಗೊಳ್ಳಿ.”

ಒಂದು ಮೊಟ್ಟೆಗೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣ ಮನುಷ್ಯನಲ್ಲ ಭಾವ. ಸರಿ, ಸ್ವಲ್ಪ ಪಡುತ್ತಿದ್ದ. ಆದರೆ ಅವನ ಹೊಟ್ಟೆಯೊಳಗಿನ ನಿಜವಾದ ಉರಿ ಬೇರೆ. ಹೆಂಡತಿ ಒಂದು ಸಲ, ಒಂದೇ ಒಂದು ಸಲ, ಅವನ ಕೆಲಸ ನೋಡಿ ‘ಚೆನ್ನಾಗಿದೆ’ ಅನ್ನಬೇಕು. ಮದುವೆಯಾದಾಗಿನಿಂದ ಅಂದಿರಲಿಲ್ಲ. ತಮ್ಮನಿಗೆ ಮಾತ್ರ ಎದ್ದರೆ ಕೂತರೆ ಅನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಪಾಪುವೂ ಅದೇ ಹಿತ್ತಲಿನ ಗಿಡವಲ್ಲವೇ? ಅವನು ಹೇಗೆ ಮದ್ದಾದ?

ಹೀಗಿರುವಾಗ ಆಫೀಸಿಗೆ ಒಂದು ಕೆಲಸ ಬಂತು. ದಿಕ್ಕಿಲ್ಲದ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವ ಆಶ್ರಯಧಾಮಕ್ಕೆ ಒಂದು ವೆಬ್‌ಸೈಟು. ಬೀದಿಯಲ್ಲಿ ಪ್ರಾಣಿ ಸಿಕ್ಕವರು ಫೋನಿನಲ್ಲಿ ಫೋಟೋ ತೆಗೆದು ಅದಕ್ಕೆ ಅಪ್‌ಲೋಡ್ ಮಾಡಬೇಕು. ಕಳೆದುಕೊಂಡವರು ಬಂದು, ಸಾಲಾಗಿ ಜೋಡಿಸಿದ ಪುಟ್ಟ ಚಿತ್ರಗಳಲ್ಲಿ ತಮ್ಮದನ್ನು ಗುರುತಿಸಬೇಕು. ಆ ಪುಟ್ಟ ಚಿತ್ರಗಳಿಗೇ ಥಂಬ್‌ನೇಲ್ ಎನ್ನುವುದು. ಯಜಮಾನಿ ಕೆಲಸ ಹಂಚಿದಳು: ಅಪ್‌ಲೋಡ್ ಭಾವನಿಗೆ, ಥಂಬ್‌ನೇಲ್ ಪಾಪುವಿಗೆ.

ಅಪ್‌ಲೋಡ್ ಅಂದರೆ ಹುಡುಗಾಟವಲ್ಲ. ಅದು ಮನೆಯ ಹೆಬ್ಬಾಗಿಲು ಕಾಯುವ ಕೆಲಸ. ಬಂದದ್ದು ನಿಜವಾಗಿ ಫೋಟೋನೋ, ಫೋಟೋದ ಹೆಸರಿಟ್ಟುಕೊಂಡು ನುಸುಳುತ್ತಿರುವ ಬೇರೇನೋ ಎಂದು ಒಳಹೊಕ್ಕು ನೋಡಬೇಕು. ಹೊರಲಾರದಷ್ಟು ಭಾರದ ಫೈಲು ಬಂದರೆ ಮರ್ಯಾದೆಯಾಗಿ ವಾಪಸ್ಸು ಕಳಿಸಬೇಕು. ಇಬ್ಬರು ಒಂದೇ ಹೆಸರಿನ ಫೈಲು ತಂದರೆ ಒಬ್ಬರ ನಾಯಿಯ ಮೇಲೆ ಇನ್ನೊಬ್ಬರ ಬೆಕ್ಕು ಕೂರದಂತೆ ಪ್ರತಿಯೊಂದಕ್ಕೂ ಹೊಸ ಹೆಸರು ಕೊಡಬೇಕು. ಅರ್ಧ ದಾರಿಯಲ್ಲಿ ಇಂಟರ್ನೆಟ್ಟು ಹೋದರೆ ನಿಂತಲ್ಲಿಂದಲೇ ಮುಂದುವರಿಸಬೇಕು. ಭಾವ ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ. ಆದರೆ ಒಳ್ಳೆಯ ಕಾವಲುಗಾರನ ಹಣೆಬರಹವೇ ಅಷ್ಟು: ಕೆಲಸ ಸರಿಯಾಗಿ ನಡೆದರೆ ಅವನೊಬ್ಬ ಇದ್ದಾನೆಂದೇ ಯಾರಿಗೂ ಗೊತ್ತಾಗುವುದಿಲ್ಲ.

ಪಾಪುವಿನ ಕೆಲಸ ಹಾಗಲ್ಲ, ಕಣ್ಣಿಗೆ ಹೊಡೆಯುವಂಥದ್ದು. ಸಾಮಾನ್ಯವಾಗಿ ಎಲ್ಲರೂ ಫೋಟೋದ ನಡುವಿನಿಂದ ಒಂದು ಚೌಕ ಕತ್ತರಿಸಿ ಚಿಕ್ಕದು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ನಾಯಿಗೆ ಕಿವಿ ಇರುವುದಿಲ್ಲ, ಬೆಕ್ಕಿಗೆ ತಲೆಯೇ ಇರುವುದಿಲ್ಲ. ಪಾಪು ಮೊದಲು ಪ್ರಾಣಿಯ ಮುಖ ಎಲ್ಲಿದೆ ಎಂದು ಹುಡುಕಿಸಿ, ಕಣ್ಣೆರಡೂ ಚೌಕದೊಳಗೆ ಬರುವಂತೆ ಕತ್ತರಿಸುವ ಹಾಗೆ ಬರೆದ. ಪುಟ ತೆರೆದರೆ ಸಾಲು ಸಾಲು ಕಣ್ಣುಗಳು ‘ನನ್ನನ್ನು ಕರೆದುಕೊಂಡು ಹೋಗು’ ಎಂದು ನೋಡುತ್ತಿದ್ದವು. ನೋಡಿದವರೆಲ್ಲ “ಅಯ್ಯೋ ಬಂಗಾರ!” ಎಂದರು. ಆಶ್ರಯಧಾಮದ ಡಾಕ್ಟರಮ್ಮನಂತೂ ಪರೀಕ್ಷೆಗೆಂದು ಹಾಕಿದ್ದ ಚಿತ್ರಗಳನ್ನು ನೋಡಿಯೇ ಕಣ್ಣೊರೆಸಿಕೊಂಡಳು. ಭಾವನಿಗೂ ಗೊತ್ತಿತ್ತು, ಕೆಲಸ ಅಚ್ಚುಕಟ್ಟಾಗಿದೆ ಎಂದು. ಕೆಟ್ಟದಾಗಿದ್ದರೆ ಇಷ್ಟು ಸಂಕಟವಾಗುತ್ತಿತ್ತೇ?

ಒಂದು ಭಾನುವಾರ ಹೆಂಡತಿ ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಆ ಪುಟ ತೋರಿಸಿದಳು. ಭಾವ ಅಲ್ಲೇ ಪೇಪರು ಹಿಡಿದು ಕೂತಿದ್ದ. ಓದುತ್ತಿದ್ದ ಎಂದು ಯಾರೂ ನಂಬುವುದು ಬೇಡ.

“ನಮ್ಮ ಪಾಪು ಮಾಡಿದ್ದು,” ಎಂದಳು ಹೆಂಡತಿ. “ಈಗ ನೋಡ್ತಿರಿ, ನಿಮ್ಮ ಬೆಕ್ಕಿನ ಫೋಟೋ ಹಾಕ್ತೀನಿ. ಇಲ್ಲಿ ಒತ್ತಿದ್ನಾ... ಬಂತು! ಮುಖ ನೋಡಿ, ಎಷ್ಟು ಮುದ್ದಾಗಿ ಕೂರ್ಸಿದಾನೆ!”

“ನೀನು ಒತ್ತಿದ್ಯಲ್ಲ, ಆ ಬಟನ್ ನಂದು,” ಎಂದ ಭಾವ ಪೇಪರಿನ ಹಿಂದಿನಿಂದ.

ಹೆಂಡತಿ ತಿರುಗಿ ನೋಡಿದಳು. “ಬಟನ್ ತಾನೇ? ಒತ್ತಿದ್ರಾಯ್ತು.”

ಇಬ್ಬರೂ ಹೆಂಗಸರು ನಕ್ಕರು. ಪಾಪು ಒಳಗಿನಿಂದ ಬಂದು, “ಇಲ್ಲ ಅಕ್ಕ, ಕಷ್ಟದ ಕೆಲಸವೆಲ್ಲ ಭಾವಂದೇ. ನಂದು ಬರೀ ಶೋಕಿ,” ಎಂದ. ಅದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಹೊಗಳಿಸಿಕೊಳ್ಳುವುದಲ್ಲದೆ ವಿನಯವನ್ನೂ ಇವನೇ ಗುತ್ತಿಗೆ ತೆಗೆದುಕೊಂಡಿದ್ದಾನಲ್ಲ ಎಂದು ಭಾವನ ಮೈಯೆಲ್ಲ ಉರಿಯಿತು. ಹೆಂಡತಿ ತಮ್ಮನ ತಲೆಗೊಂದು ಪ್ರೀತಿಯ ಏಟು ಕೊಟ್ಟು, “ನೋಡಿದ್ರಾ ಇವನ ದೊಡ್ಡ ಗುಣ!” ಎಂದಳು ಪಕ್ಕದ ಮನೆಯಾಕೆಗೆ.

ಆ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬ ಬರೆದ ಕೋಡನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಬರಹವನ್ನು, ಇನ್ನೊಬ್ಬ ಸಾಲು ಸಾಲಾಗಿ ಓದಬೇಕು. ತಪ್ಪಿದ್ದರೆ ಬರೆದು ಹಿಂದಕ್ಕೆ ಕಳಿಸಬೇಕು, ಇಲ್ಲದಿದ್ದರೆ ‘ಸರಿ’ ಎಂದು ಒತ್ತಬೇಕು. ಓದಿದವನು ‘ಸರಿ’ ಅನ್ನದೆ ಯಾರ ಕೋಡೂ ಸೈಟಿಗೆ ಸೇರುವಂತಿಲ್ಲ. ಭಾವನ ಓದು ಎಂದರೆ ಎಲ್ಲರಿಗೂ ಸ್ವಲ್ಪ ನಡುಕವೇ. ಅವನ ಕಣ್ಣಿಗೆ ಬೀಳದೆ ಇರುವೆಯೂ ದಾಟುವುದಿಲ್ಲ ಎಂದು ಯಜಮಾನಿ ಹೇಳುತ್ತಿದ್ದಳು. ಥಂಬ್‌ನೇಲ್ ಕೋಡು ಓದಲು ಬಂದದ್ದು ಅವನಿಗೇ.

ಸೋಮವಾರ ಊಟವಾದ ಮೇಲೆ ಓದಲು ಕೂತ. ತಪ್ಪು ಸಿಗಲಿ ಎಂದೇ ಓದಿದ. ಸಿಗಲಿಲ್ಲ, ಸಿಗಲಿಲ್ಲ, ಕೊನೆಗೆ ಸಿಕ್ಕೇಬಿಟ್ಟಿತು.

ವಿಷಯ ಇಷ್ಟು. ಫೋಟೋದ ಫೈಲು ಎಷ್ಟು ಭಾರ ಎನ್ನುವುದು ಬೇರೆ, ಅದನ್ನು ಬಿಚ್ಚಿದರೆ ಎಷ್ಟು ಅಗಲ ಎನ್ನುವುದು ಬೇರೆ. ಮಡಚಿಟ್ಟ ಹೊದಿಕೆ ಬೀರುವಿನಲ್ಲಿ ಒಂದು ಗೇಣು ಜಾಗ ಹಿಡಿಯುತ್ತದೆ, ಹಾಸಿದರೆ ಮಂಚ ತುಂಬುತ್ತದೆ. ಹೆಬ್ಬಾಗಿಲಲ್ಲಿ ಭಾವ ನೋಡುತ್ತಿದ್ದದ್ದು ಭಾರವನ್ನು. ಚಿಕ್ಕದು ಮಾಡುವುದಕ್ಕೆ ಮೊದಲು ಪಾಪುವಿನ ಕೋಡು ಫೋಟೋವನ್ನು ಪೂರ್ತಿ ಬಿಚ್ಚುತ್ತಿತ್ತು, ಉದ್ದಗಲ ಎಷ್ಟೆಂದು ಮೊದಲೇ ಕೇಳುತ್ತಿರಲಿಲ್ಲ. ಭಾರೀ ಉದ್ದಗಲದ ಚಿತ್ರ ಬಂದರೆ ಸೈಟು ನಡೆಸಲು ಬಾಡಿಗೆಗೆ ಹಿಡಿದಿದ್ದ ಆ ಬಡ ಸರ್ವರ್ ಕಂಪ್ಯೂಟರಿನ ಉಸಿರು ಕಟ್ಟುತ್ತದೆ. ತಡೆಯಲು ಎರಡು ಸಾಲು ಸಾಕು. ಭಾವ ಹಿಂದೊಮ್ಮೆ ಇದೇ ತಪ್ಪಿನಿಂದ ಕೈ ಸುಟ್ಟುಕೊಂಡವನು, ಆ ಎರಡು ಸಾಲು ಅವನಿಗೆ ಬಾಯಿಪಾಠ.

ಬರೆಯಲೆಂದು ಬೆರಳು ಕೀಲಿಮಣೆಯ ಮೇಲಿಟ್ಟ. ಆಗಲೇ ಆ ಕಡೆ ಯಜಮಾನಿ ಪಾಪುವಿನ ಬೆನ್ನು ತಟ್ಟಿ, “ಉದ್ಘಾಟನೆ ದಿನ ನೀನೇ ವೇದಿಕೆ ಹತ್ತಿ ತೋರಿಸ್ಬೇಕು ಕಣೋ. ಮನೆಯವರನ್ನೂ ಕರ್ಕೊಂಡು ಬಾ,” ಎಂದದ್ದು ಕೇಳಿಸಿತು.

‘ಮನೆಯವರು’ ಎಂದರೆ ತನ್ನ ಹೆಂಡತಿ. ಅವಳು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವುದು ಭಾವನ ಕಣ್ಣಿಗೆ ಕಟ್ಟಿತು. ಹೆಚ್ಚೆಂದರೆ ಏನಾದೀತು, ಎಂದುಕೊಂಡ. ಎಂದೋ ಒಂದು ದಿನ ಯಾರೋ ದೊಡ್ಡ ಫೋಟೋ ಹಾಕುತ್ತಾರೆ, ಮುದ್ದು ಮುಖದ ಬದಲು ಒಂದು ಬೂದು ಚೌಕ ಕಾಣಿಸುತ್ತದೆ. ಒಂದೇ ಒಂದು ಬೂದು ಚೌಕ. ಪಾಪುವಿನ ಕೆಲಸದಲ್ಲೂ ಹುಳುಕಿದೆ ಎಂದು ಅವಳಿಗೂ ಗೊತ್ತಾಗಲಿ.

ಬೆರಳೆತ್ತಿ ‘ಸರಿ’ ಎಂದು ಒತ್ತಿದ.

“ಥ್ಯಾಂಕ್ಸ್ ಭಾವಾ!” ಎಂದು ಆ ಮೂಲೆಯಿಂದ ಕೂಗಿದ ಪಾಪು. “ಒಂದು ತಪ್ಪೂ ಇರ್ಲಿಲ್ವಾ? ನಾನು ಹೆದರ್ಕೊಂಡಿದ್ದೆ!”

“ಚೆನ್ನಾಗಿದೆ,” ಎಂದ ಭಾವ. ಯಾವ ಮಾತಿಗಾಗಿ ತಾನು ಬಾಯಿ ಬಾಯಿ ಬಿಡುತ್ತಿದ್ದನೋ ಆ ಮಾತನ್ನು ಎಷ್ಟು ಅಗ್ಗಕ್ಕೆ ಕೊಟ್ಟುಬಿಟ್ಟ ನೋಡಿ.

ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ. ಫೋಟೋ ಹಾಕಿದ ಕ್ಷಣದಲ್ಲೇ ಚಿಕ್ಕ ಚಿತ್ರ ಕಾಣಬೇಕೆಂದು ಪಾಪು ಹಟ ಹಿಡಿದಿದ್ದರಿಂದ, ಅಪ್‌ಲೋಡ್ ಮತ್ತು ಥಂಬ್‌ನೇಲ್ ಎರಡನ್ನೂ ಒಂದೇ ಉಸಿರಿನಲ್ಲಿ ನಡೆಯುವಂತೆ ಹೊಲಿದಿದ್ದರು. ಹೊಲಿಗೆ ಹಾಕಿದ್ದು ಸ್ವತಃ ಭಾವ. ಒಂದರ ಉಸಿರು ಕಟ್ಟಿದರೆ ಇನ್ನೊಂದರದ್ದೂ ಕಟ್ಟುತ್ತದೆ ಎನ್ನುವುದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಉದ್ಘಾಟನೆ ಆಶ್ರಯಧಾಮದ ಅಂಗಳದಲ್ಲಿ. ಮಡಚುವ ಕುರ್ಚಿಗಳು, ಒಂದು ಪರದೆ, ಹಿಂದುಗಡೆ ಬೋನುಗಳಿಂದ ಎಡೆಬಿಡದೆ ಬೊಗಳುವ ಸದ್ದು. ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಾಪು ವೇದಿಕೆ ಹತ್ತಿ ಮೂರ್ನಾಲ್ಕು ನಾಯಿಗಳ ಫೋಟೋ ಹಾಕಿದ, ಪ್ರತಿ ಮುಖಕ್ಕೂ ಜನ “ಆಹಾ” ಎಂದರು. ಬಂದವರೂ ತಮ್ಮ ತಮ್ಮ ಫೋನಿನಿಂದ ಫೋಟೋ ಹಾಕತೊಡಗಿದರು. ಅಷ್ಟರಲ್ಲಿ ಡಾಕ್ಟರಮ್ಮ ಎದ್ದು, “ನಾನೂ ಒಂದು ಹಾಕ್ತೀನಪ್ಪ. ನಮ್ಮ ಎಲ್ಲಾ ಮಕ್ಕಳೂ ಇರೋ ಫೋಟೋ,” ಎಂದಳು. ಫೋನನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ತಿರುಗಿಸುತ್ತ ಇಡೀ ಅಂಗಳವನ್ನು ಹಿಡಿದ, ರೈಲಿನಷ್ಟು ಉದ್ದದ ಫೋಟೋ ಅದು.

ಭಾವನಿಗೆ ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಎದ್ದು “ತಡೀರಿ” ಎನ್ನಬಹುದಿತ್ತು. ಎದ್ದ ಕೂಡ, ಅರ್ಧ. ಪಕ್ಕದಲ್ಲಿ ಹೆಂಡತಿ ತಮ್ಮನನ್ನೇ ನೋಡುತ್ತ ಎರಡೂ ಅಂಗೈ ಚಪ್ಪಾಳೆಗೆ ಸಿದ್ಧ ಮಾಡಿಕೊಂಡಿದ್ದಳು. ಕೂತುಕೊಂಡ.

ಬೂದು ಚೌಕ ಬರಲಿಲ್ಲ. ಪರದೆಯೇ ಬೆಳ್ಳಗಾಯಿತು. ಒಂದೆರಡು ಕ್ಷಣ ಸುತ್ತಿ ಸುತ್ತಿ, ‘ಅಪ್‌ಲೋಡ್ ವಿಫಲವಾಗಿದೆ’ ಎಂದು ಕೆಂಪಕ್ಷರ ಮೂಡಿತು. ಅಂಗಳದಲ್ಲಿದ್ದ ಎಲ್ಲರ ಫೋನಿನಲ್ಲೂ ಅದೇ.

“ಅಪ್‌ಲೋಡೇ ಆಗ್ತಿಲ್ವಲ್ಲ! ಅಪ್‌ಲೋಡ್ ಮಾಡಿದ್ದು ಯಾರು?” ಎಂದಳು ಡಾಕ್ಟರಮ್ಮ. ಹಿಂದಿನಿಂದ ಯಾರೋ, “ಅಪ್‌ಲೋಡ್ ಭಾವಂದು,” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗೆ. ಅಲ್ಲ, ಇಲ್ಲಿ ಆ ಗಾದೆ ಸಲ್ಲದು. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದವನ ಗಾದೆಯೇ ಇವನಿಗೆ ಸರಿ.

ಸಂಜೆಯವರೆಗೂ ಸೈಟು ಏಳಲಿಲ್ಲ. ಎಬ್ಬಿಸಿದಷ್ಟು ಸಲವೂ ಯಾರೋ ಮತ್ತೆ ಅದೇ ಉದ್ದನೆಯ ಫೋಟೋ ಹಾಕುತ್ತಿದ್ದರು, ಅದು ಮತ್ತೆ ಮಲಗುತ್ತಿತ್ತು. ಬೆಕ್ಕು ಕಳೆದುಕೊಂಡಿದ್ದ ಒಬ್ಬ ಮುದುಕ ಫೋನು ಹಿಡಿದು ಖಾಲಿ ಕುರ್ಚಿಗಳ ನಡುವೆ ಬಹಳ ಹೊತ್ತು ಕೂತಿದ್ದ. “ಇನ್ನೊಂದ್ಸಲ ನೋಡ್ಲಾ?” ಎಂದು ಎರಡು ಮೂರು ಬಾರಿ ಕೇಳಿ, ಕೊನೆಗೆ ಎದ್ದು ಹೋದ. ಹೆಂಡತಿಯೂ ಅಷ್ಟರಲ್ಲಿ ಮನೆಗೆ ಹೋಗಿಬಿಟ್ಟಿದ್ದಳು.

ಮರುದಿನ ಯಜಮಾನಿ ಇಬ್ಬರನ್ನೂ ಒಳಗೆ ಕರೆದಳು. ತಪ್ಪು ಎಲ್ಲಿತ್ತೆಂದು ಅಷ್ಟರೊಳಗೆ ಪಾಪುವೇ ಕಂಡುಹಿಡಿದು, ಎರಡು ಸಾಲು ಸೇರಿಸಿ, ಯಜಮಾನಿಗೂ ಹೇಳಿದ್ದ.

“ಇದನ್ನ ಓದಿದ್ದು ನೀವು, ಭಾವ,” ಎಂದಳು ಯಜಮಾನಿ. ಆವತ್ತು ಆ ಹೆಸರಿನಲ್ಲಿ ತಮಾಷೆ ಇರಲಿಲ್ಲ. “ನೀವು ನೋಡ್ಲಿಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಪಾಪು ನಡುವೆ ಬಂದ.

“ನಾನೇ ಅವಸರ ಮಾಡಿದ್ದು ಮೇಡಂ. ಪೂರ್ತಿ ಓದೋಕೆ ಭಾವಂಗೆ ಬಿಡ್ಲೇ ಇಲ್ಲ. ಬೇಗ ಒತ್ತಿ ಒತ್ತಿ ಅಂತ ತಲೆ ತಿಂದೆ.”

ಅಪ್ಪಟ ಸುಳ್ಳು. ಯಜಮಾನಿ ಅವನನ್ನು ಒಂದು ಗಳಿಗೆ ನೋಡಿ, ಅವಸರಕ್ಕೆ ಪದ್ಧತಿ ಮುರಿಸಿದವನನ್ನು ಇಟ್ಟುಕೊಳ್ಳಲಾರೆ, ಈ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೋ ಎಂದಳು. ಥಂಬ್‌ನೇಲ್ ಇನ್ನು ಮುಂದೆ ಭಾವ ನೋಡಿಕೊಳ್ಳಲಿ ಎಂದಳು. ಭಾವ ತಲೆಯಾಡಿಸಿದ. ಹೌದು, ಆಡಿಸಿದ. ಆ ಹೊತ್ತಿನಲ್ಲೂ ಅವನೊಳಗೆ ಒಂದು ಮೂಲೆ ಹಿಗ್ಗಿತು.

ಸಂಜೆ ಭಾವ ಮನೆಗೆ ಬರುವಾಗ ಪಾಪು ಮೊದಲೇ ಬಂದು ಅಕ್ಕನಿಗೆ ಎಲ್ಲ ಹೇಳಿದ್ದ, ಆಫೀಸಿನಲ್ಲಿ ಹೇಳಿದ ಹಾಗೆಯೇ. ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಂಚದ ಮೇಲೆ ಚೀಲ, ಚೀಲದಲ್ಲಿ ಬಟ್ಟೆ. ಹೆಂಡತಿ ಅತ್ತಿದ್ದಳೆಂದು ಮುಖ ಹೇಳುತ್ತಿತ್ತು. ಗಂಡನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು, ಅವನನ್ನು ಕೂರಿಸಿ, ಎದುರಿಗೆ ಕೂತಳು.

“ಕೆನ್ನೆಗೊಂದು ಬಿಟ್ಟೆ ಅವನಿಗೆ,” ಎಂದಳು. “ಹುಟ್ಟಿದಾಗಿನಿಂದ ಸಿಟ್ಟಲ್ಲಿ ಒಂದೇಟು ಹೊಡೆದಿರ್ಲಿಲ್ಲ. ನಿಮ್ಮ ಮರ್ಯಾದೆನೂ ಕಳೆದ್ನಲ್ಲ, ಅದಕ್ಕೆ. ಅಷ್ಟು ಜನರ ಮುಂದೆ ಅಪ್‌ಲೋಡ್ ಭಾವಂದು ಅಂದಾಗ ನನಗೆ ಭೂಮಿ ಬಾಯ್ಬಿಡ್ಬಾರ್ದಾ ಅನ್ನಿಸ್ತು.”

ಭಾವ ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟ.

“ಇಷ್ಟು ದಿನ ನಿಮ್ಮ ಕೆಲಸ ಏನು ಅಂತ ನಾನು ತಲೆಗೇ ಹಾಕ್ಕೊಂಡಿರ್ಲಿಲ್ಲ ಕಣ್ರೀ. ಇವತ್ತು ಅವನ ಹತ್ರ ಕೂತು ಕೇಳ್ದೆ. ಎಲ್ಲಾ ಹೇಳ್ದ. ಹೆಸರು ಬದಲಾಯಿಸೋದು, ಕಳ್ಳ ಫೈಲು ಹಿಡಿಯೋದು, ನೆಟ್ ಹೋದ್ರೂ ನಿಂತಲ್ಲಿಂದ ಮುಂದುವರಿಸೋದು.” ಸೆರಗಿನಲ್ಲಿ ಮೂಗೊರೆಸಿಕೊಂಡಳು. “ತುಂಬಾ ಚೆನ್ನಾಗಿದೆ ರೀ ನಿಮ್ಮ ಕೆಲಸ. ನಿಮ್ಮನ್ನ ನೋಡಿ ಅವನು ಕಲೀಬೇಕಿತ್ತು.”

ಬಂತು. ಕಾದು ಕಾದು ಬಂತು. ಬಿಸಿ ತುಪ್ಪದ ಹಾಗೆ ನುಂಗಲೂ ಆಗದು, ಉಗುಳಲೂ ಆಗದು. ಭಾವ ಅರ್ಧ ತೆರೆದ ಬಾಗಿಲ ಕಡೆ ನೋಡಿದ. ಆ ಉದ್ದನೆಯ ಆಳು ಬೆನ್ನು ಬಗ್ಗಿಸಿಕೊಂಡು ಒಂದು ಅಂಗಿಯನ್ನು ಮಡಚುತ್ತಿದ್ದ. ಆಗ ಭಾವನಿಗೆ ಬಂದದ್ದು ಪಶ್ಚಾತ್ತಾಪ ಎಂದು ನಾನು ಹೇಳಿದರೆ ಸುಳ್ಳಾದೀತು. ಬಂದದ್ದು ಮತ್ತೆ ಅದೇ ಹಾಳು ಹೊಟ್ಟೆಕಿಚ್ಚು. ಕೆಲಸ ಹೋಯಿತು, ಕೆನ್ನೆಗೆ ಏಟು ಬಿತ್ತು, ಆದರೂ ಇವನೇ ಮೇಲಾಗಿ ನಿಂತಿದ್ದಾನೆ. ತನಗೆ ಸಿಕ್ಕ ಈ ‘ಚೆನ್ನಾಗಿದೆ’ಯನ್ನೂ ಇವನೇ ಅಕ್ಕನ ಬಾಯಲ್ಲಿಟ್ಟು ಕೊಡಿಸಿದ್ದಾನೆ. ಅದನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

“ನಾನು ನೋಡಿದ್ದೆ,” ಎಂದ.

“ಏನ್ನ?”

“ಆ ತಪ್ಪನ್ನ. ಅವನು ಅವಸರ ಮಾಡ್ಲಿಲ್ಲ. ಪೂರ್ತಿ ಓದ್ದೆ. ತಪ್ಪಿದೆ ಅಂತ ಗೊತ್ತಿದ್ದೇ ‘ಸರಿ’ ಅಂದೆ. ಅವನು ನಿನ್ನ ಮುಂದೆ ಒಂದು ಸಲ ಮುಗ್ಗರಿಸ್ಲಿ ಅಂತ.”

ಒಳಗಿನಿಂದ ಪಾಪುವಿನ ದನಿ ಬಂತು, ಮೆತ್ತಗೆ: “ನಂಗೊತ್ತಿತ್ತು ಭಾವ.”

“ಗೊತ್ತಿತ್ತಾ?” ಎಂದ ಭಾವ.

“ನಿಮ್ಮ ಕಣ್ಣು ತಪ್ಪಿ ಹೋಗೋ ತಪ್ಪಲ್ಲ ಅದು.”

ಇಡೀ ಜನ್ಮದಲ್ಲಿ ಭಾವನ ಕೆಲಸಕ್ಕೆ ಅಷ್ಟು ದೊಡ್ಡ ಹೊಗಳಿಕೆ ಯಾರಿಂದಲೂ ಬಂದಿರಲಿಲ್ಲ.

“ನಾಳೆ ಬೆಳಗ್ಗೆ ಹೋಗಿ ಯಜಮಾನಿಗೆ ಹೇಳ್ತೀನಿ,” ಎಂದ ಭಾವ. “ಹೋಗೋದಾದ್ರೆ ನಾನು ಹೋಗ್ಬೇಕು, ಅವನಲ್ಲ.” ಹೇಳಿ, ಹೆಂಡತಿಯ ಮುಖ ನೋಡಿದ. ಆಗಲೂ ನೋಡಿದ.

ಅವಳಿಗೆ ಆ ನೋಟ ಅರ್ಥವಾಯಿತು.

“ಕೇಳಿದ್ರೆ ನಾನೇ ಹೇಳ್ತಿದ್ನಲ್ರೀ, ಚೆನ್ನಾಗಿದೆ ಅಂತ,” ಎಂದಳು. “ಒಂದು ಮಾತಿಗೆ ಇಷ್ಟೆಲ್ಲ ಮಾಡಿದ್ರಾ? ಹೋಗಿ ಹೇಳಿ. ಹೇಳ್ಲೇಬೇಕು. ಆದ್ರೆ ಅದಕ್ಕೂ ಶಭಾಷ್ ಅನ್ನು ಅಂತ ನನ್ನ ಮುಖ ನೋಡ್ಬೇಡಿ.”

ಎದ್ದು ತಮ್ಮನ ಕೋಣೆಗೆ ಹೋಗಿ, ಅವನ ಕೈಯಲ್ಲಿದ್ದ ಅಂಗಿ ಕಿತ್ತುಕೊಂಡು, ಚೀಲದಲ್ಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.